ಬಿಲ್ಲಿನ ಮೇಲೆ ಸ್ವೀಕೃತಿಯ ತಾರೀಕು ಬೀಳಲಿ: ಕೊಡಗಿನ ಬಾಕಿ ಹಣದ ಬಗ್ಗೆ ಒಂದು ಬಹಿರಂಗ ಪತ್ರ

ಕೊಡಗು ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರಿಗೆ. ಹಾಗೆಯೇ ಉದ್ರಿ ಕೊಡುವ, ಉದ್ರಿ ಪಡೆಯುವ ಜಿಲ್ಲೆಯ ಎಲ್ಲರಿಗೂ,

ನಮಸ್ಕಾರ.

ಮಡಿಕೇರಿ, ಕುಶಾಲನಗರ, ಸೋಮವಾರಪೇಟೆ, ವಿರಾಜಪೇಟೆ, ಗೋಣಿಕೊಪ್ಪದ ಸಣ್ಣ ವರ್ಕ್‌ಶಾಪು, ಪ್ರಿಂಟಿಂಗ್ ಪ್ರೆಸ್ಸು, ಬೇಕರಿ, ಲಾಂಡ್ರಿ, ಶಾಮಿಯಾನ, ಬಾಡಿಗೆ ಜೀಪಿನವರ ಲೆಕ್ಕ ಬರೆಯುವವರು ನಾವು. ಮಾರ್ಚ್ ಕೊನೆಗೆ ಇವರ ಪುಸ್ತಕದಲ್ಲಿ ಲಾಭ ಕಾಣುತ್ತದೆ, ಬ್ಯಾಂಕ್ ಖಾತೆಯಲ್ಲಿ ಕಾಣುವುದಿಲ್ಲ. ನಡುವಿನ ದುಡ್ಡು ಸರ್ಕಾರಿ ಕಚೇರಿ, ರೆಸಾರ್ಟು, ಎಸ್ಟೇಟು, ಗುತ್ತಿಗೆದಾರರ ಹತ್ತಿರ ಬಾಕಿ ನಿಂತಿರುತ್ತದೆ. ಬಾಕಿ ಬರಲಿ ಬಿಡಲಿ, ತೆರಿಗೆಯನ್ನಂತೂ ಕಟ್ಟಲೇಬೇಕು. 1 ಲಕ್ಷ ರೂಪಾಯಿ ಕೆಲಸಕ್ಕೆ ಶೇ 18 ಜಿಎಸ್‌ಟಿ ಸೇರಿಸಿ ಜನವರಿಯಲ್ಲಿ 1,18,000 ರೂಪಾಯಿಯ ಬಿಲ್ಲು ಕೊಟ್ಟವರು, ತಿಂಗಳ ರಿಟರ್ನ್ ಸಲ್ಲಿಸುವವರಾದರೆ, ಫೆಬ್ರವರಿ 20ರೊಳಗೆ ಆ ತೆರಿಗೆಯ ಲೆಕ್ಕ ತೀರಿಸಬೇಕು. ಮುಂದೆ ಆ ಬಿಲ್ಲು ಪೂರ್ತಿ ಮುಳುಗಿದರೂ ಕಟ್ಟಿದ ತೆರಿಗೆ ಹಿಂದಕ್ಕೆ ಬರುವ ದಾರಿ ಜಿಎಸ್‌ಟಿ ಕಾನೂನಿನಲ್ಲಿಲ್ಲ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. ಕಾನೂನು ಗಟ್ಟಿಯಾಗಿಯೇ ಇದೆ. ಆದರೆ ಅದು ನಿಂತಿರುವುದೆಲ್ಲ ಒಂದು ತಾರೀಕಿನ ಮೇಲೆ, ಆ ತಾರೀಕನ್ನೇ ನಮ್ಮ ಜಿಲ್ಲೆಯಲ್ಲಿ ಯಾರೂ ಬರೆದುಕೊಡುವುದಿಲ್ಲ. ಸರಕು ಇಳಿದ ದಿನ, ಕೆಲಸ ಒಪ್ಪಿಸಿದ ದಿನ, ಪಡೆದವರ ಹೆಸರು, ಸಹಿ, ಸೀಲಿನ ಜೊತೆ ತಾರೀಕು ಬೀಳಬೇಕು. ಈ ಪತ್ರದ ಕೋರಿಕೆ ಇಷ್ಟೇ. ಅದು ಯಾಕೆ ಅಷ್ಟು ಮುಖ್ಯ ಎಂಬುದನ್ನು ವಿವರವಾಗಿ ಹೇಳುತ್ತೇವೆ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಸರಕು, ಸೇವೆ ಪಡೆದವರು ಲಿಖಿತ ಒಪ್ಪಂದ ಇದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು. ಒಪ್ಪಂದದಲ್ಲಿ ಏನೇ ಬರೆದುಕೊಂಡಿದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಈ ಎಣಿಕೆ ಶುರುವಾಗುವುದು ಬಿಲ್ಲಿನ ತಾರೀಕಿನಿಂದಲ್ಲ, ಸರಕನ್ನು ಒಪ್ಪಿಕೊಂಡ ದಿನದಿಂದ. ಸರಕಿನಲ್ಲಿ ಕೊರತೆ ಇದ್ದರೆ ಖರೀದಿದಾರರು 15 ದಿನದೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ತಿಳಿಸದಿದ್ದರೆ ಸರಕು ಇಳಿದ ದಿನವೇ ಒಪ್ಪಿಕೊಂಡ ದಿನ ಎಂದು ಕಾನೂನು ಹಿಡಿಯುತ್ತದೆ. ಆರು ತಿಂಗಳ ಮೇಲೆ ‘ಆ ಮಾಲು ಸರಿ ಇರಲಿಲ್ಲ’ ಅನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ.

ಗಡುವು ಮೀರಿದರೆ 16ನೇ ಸೆಕ್ಷನ್ ಬಡ್ಡಿ ಹೇಳುತ್ತದೆ: ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ 5.5 ಇದ್ದರೆ ವರ್ಷಕ್ಕೆ ಶೇ 16.5 ಆಯಿತು. 2 ಲಕ್ಷದ ಬಿಲ್ಲು ಗಡುವಿನ ಮೇಲೆ ಒಂದು ವರ್ಷ ನಿಂತರೆ ಬಡ್ಡಿಯೇ ಸುಮಾರು 35,600 ರೂಪಾಯಿ. ಈ ಬಡ್ಡಿಯನ್ನು ಖರೀದಿದಾರರು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತೆಯೂ ಇಲ್ಲ. ಇಷ್ಟೆಲ್ಲ ಬಲ ಇರುವ ಹಕ್ಕು, ಸರಕು ಯಾವ ದಿನ ತಲುಪಿತು ಎಂದು ತೋರಿಸುವ ಒಂದು ಚೀಟಿ ಇಲ್ಲದಿದ್ದರೆ ಕೈಗೆ ಸಿಗುವುದೇ ಇಲ್ಲ.

ಮೊದಲು ಸರ್ಕಾರಿ ಕಚೇರಿಗಳ ಮಾತು; ಮಾನ್ಯ ಜಿಲ್ಲಾಧಿಕಾರಿಗಳು ಇದನ್ನು ಗಮನಿಸಬೇಕು. ಪ್ರೆಸ್ಸಿನವರು ರಿಜಿಸ್ಟರುಗಳನ್ನು ಮುದ್ರಿಸಿ ಒಪ್ಪಿಸುತ್ತಾರೆ. ಬಿಲ್ಲನ್ನು ಟಪಾಲು ವಿಭಾಗಕ್ಕೆ ಕೊಡುವ ಬದಲು ವಿಷಯ ನಿರ್ವಾಹಕರೇ ಕೈಯಲ್ಲಿ ಇಸಿದುಕೊಳ್ಳುತ್ತಾರೆ. ಸ್ವೀಕೃತಿ ಸಂಖ್ಯೆ ಬೀಳುವುದಿಲ್ಲ. ಕೆಲವು ತಿಂಗಳಲ್ಲಿ ಆ ನೌಕರರ ವರ್ಗಾವಣೆಯಾಗುತ್ತದೆ, ಮೇಜಿನ ಮೇಲೆ ಬಿಲ್ಲು ಸಿಗುವುದಿಲ್ಲ, ‘ಹೊಸ ತಾರೀಕು ಹಾಕಿ ಇನ್ನೊಂದು ಬಿಲ್ಲು ಕೊಡಿ’ ಎಂಬ ಸೂಚನೆ ಬರುತ್ತದೆ. ಅಲ್ಲಿಗೆ ಹಿಂದಿನ ಆರು ತಿಂಗಳ ವಿಳಂಬ ಕಾಗದದಿಂದಲೇ ಅಳಿಸಿಹೋಗುತ್ತದೆ. ಸಾಲದ್ದಕ್ಕೆ ಹಳೆಯ ಬಿಲ್ಲು ಆಗಲೇ ಜಿಎಸ್‌ಟಿ ರಿಟರ್ನಿನಲ್ಲಿ ಹೋಗಿರುತ್ತದೆ; ಹೊಸ ಸಂಖ್ಯೆಯ ಬಿಲ್ಲು ಸೇರಿದರೆ ಒಂದೇ ಸರಕಿಗೆ ಎರಡು ಸಲ ತೆರಿಗೆ. ಪೂರೈಕೆದಾರರು ಇಂಥ ಕಡೆ ಹೊಸ ಬಿಲ್ಲು ಕೊಡಲೇಬಾರದು. ಹಳೆಯ ಸಂಖ್ಯೆ, ಹಳೆಯ ತಾರೀಕಿನ ಪ್ರತಿಯ ಮೇಲೆ ‘ನಕಲು’ ಎಂದು ಬರೆದು ಟಪಾಲಿನಲ್ಲೇ ಸಲ್ಲಿಸಿ ಸೀಲು ಹಾಕಿಸಿಕೊಳ್ಳಬೇಕು. ಮೊದಲ ಬಿಲ್ಲಿನಲ್ಲಿ ನಿಜಕ್ಕೂ ತಪ್ಪಿದ್ದರೆ ಮಾತ್ರ ಅದನ್ನು ರದ್ದುಮಾಡುವ ಕ್ರೆಡಿಟ್ ನೋಟ್ ಕೊಟ್ಟು ಆಮೇಲೆ ಹೊಸದು.

ಮಾರ್ಚ್ 31 ದಾಟಿದರೆ ಅನುದಾನ ವಾಪಸಾಗಿ ಬಿಲ್ಲು ಮುಂದಿನ ವರ್ಷಕ್ಕೆ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಜನವರಿಯಲ್ಲೇ ಕಡತದ ಸ್ಥಿತಿ ತಿಳಿಯಬೇಕು. ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಾಕು. ‘ಹಣ ಯಾವಾಗ ಬರುತ್ತದೆ’ ಎಂದು ಅದರಲ್ಲಿ ಕೇಳಬೇಡಿ. ಇಂತಿಂಥ ಸಂಖ್ಯೆಯ ಬಿಲ್ಲು ಸ್ವೀಕರಿಸಿದ ದಿನ, ಅದು ಈಗ ಯಾರ ಬಳಿ ಇದೆ, ಅದರ ಮೇಲಿನ ಟಿಪ್ಪಣಿ ಹಾಳೆಯ ಪ್ರತಿ, ಈ ಮೂರನ್ನು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು, ಆ ಉತ್ತರವೇ ಮುಂದೆ ಸಾಕ್ಷಿಯಾಗುತ್ತದೆ.

ಇಲಾಖೆ ಕೊಟ್ಟ ಮೊತ್ತ ಕಡಿಮೆ ಕಂಡರೆ ಎಲ್ಲವೂ ಬಾಕಿ ಅಲ್ಲ. ಎರಡೂವರೆ ಲಕ್ಷ ಮೀರಿದ ಗುತ್ತಿಗೆಯಲ್ಲಿ ಶೇ 2ರಷ್ಟು ಜಿಎಸ್‌ಟಿ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿರುತ್ತಾರೆ. ಅದು ತಾನಾಗಿ ನಿಮ್ಮ ಜಿಎಸ್‌ಟಿ ಖಾತೆಯ ಕ್ಯಾಶ್ ಲೆಡ್ಜರಿಗೆ ಬಂದು ಕೂರುವುದಿಲ್ಲ, ಜಿಎಸ್‌ಟಿ ಪೋರ್ಟಲ್ಲಿನಲ್ಲಿ ನೀವು ಒಪ್ಪಿಗೆ ಕೊಟ್ಟ ಮೇಲೆ ಮಾತ್ರ ಬರುತ್ತದೆ. ಆದಾಯ ತೆರಿಗೆಯ ಟಿಡಿಎಸ್ ಅನ್ನು ಆ ಇಲಾಖೆಯ ಪೋರ್ಟಲ್ಲಿನ ತೆರಿಗೆ ಜಮೆ ಪಟ್ಟಿಯಲ್ಲಿ (26ಎಎಸ್) ನೋಡಿಕೊಳ್ಳಿ.

ಇನ್ನು ರೆಸಾರ್ಟು, ದೊಡ್ಡ ಹೋಂಸ್ಟೇಗಳು. ಇಲ್ಲಿ ಕೆಡುವುದು ಹೆಸರಿನಲ್ಲಿ. ಬೋರ್ಡಿನ ಮೇಲೆ ಒಂದು ಹೆಸರು, ಜಾಗದ ಮಾಲೀಕರು ಬೇರೆ, ಲೀಸಿಗೆ ಹಿಡಿದು ನಡೆಸುವ ಸಂಸ್ಥೆ ಬೇರೆ, ಅದರ ಕಚೇರಿ ಬೆಂಗಳೂರಿನಲ್ಲೋ ಕೇರಳದಲ್ಲೋ. ಲೀಸು ಮುಗಿದ ದಿನ ಬೋರ್ಡು ಮಾತ್ರ ಉಳಿಯುತ್ತದೆ, ಸಾಲಗಾರರು ಇರುವುದಿಲ್ಲ. ಬೋರ್ಡಿನ ಹೆಸರಿಗೆ ಬಿಲ್ಲು ಮಾಡಿದವರು ನೋಟಿಸನ್ನು ಯಾರಿಗೆ ಕಳುಹಿಸಬೇಕು? ಮೊದಲ ಲೋಡು ಕಳುಹಿಸುವ ಮುಂಚೆ ಜಿಎಸ್‌ಟಿ ಸಂಖ್ಯೆ ಕೇಳಿ, ಪೋರ್ಟಲ್ಲಿನಲ್ಲಿ ಹಾಕಿ ಕಾನೂನುಬದ್ಧ ಹೆಸರು ನೋಡಿ. ಮೊದಲ ಎರಡು ಅಂಕಿ ರಾಜ್ಯ, ಕರ್ನಾಟಕಕ್ಕೆ 29, ಕೇರಳಕ್ಕೆ 32. ಮುಂದಿನ ಹತ್ತು ಅಕ್ಷರ ಪ್ಯಾನ್. ಪ್ಯಾನ್‌ನ ನಾಲ್ಕನೇ ಅಕ್ಷರ ಪಿ ಆದರೆ ವ್ಯಕ್ತಿ, ಸಿ ಆದರೆ ಕಂಪನಿ, ಎಫ್ ಆದರೆ ಪಾಲುದಾರಿಕೆ, ಎಚ್ ಆದರೆ ಅವಿಭಕ್ತ ಕುಟುಂಬ. ವ್ಯಕ್ತಿಯಾದರೆ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಲ್ಲದ ಪಾಲುದಾರಿಕೆ ಸಂಸ್ಥೆಯಾದರೆ ಅವರ ಸ್ವಂತ ಆಸ್ತಿಯೂ ಸಾಲಕ್ಕೆ ಹೊಣೆ. ಕಂಪನಿಯಾದರೆ ಕಂಪನಿಯ ಆಸ್ತಿ ಮಾತ್ರ. ಎಷ್ಟು ಉದ್ರಿ ಕೊಡಬಹುದು ಅನ್ನುವುದು ಅಲ್ಲೇ ನಿರ್ಧಾರವಾಗುತ್ತದೆ.

ಸರಕು ಇಳಿಸುವಾಗ ಗೇಟಿನ ಸೆಕ್ಯೂರಿಟಿ ಹಾಕುವ ಸೀಲು ವಾಹನ ಒಳಗೆ ಬಂತು ಎಂದಷ್ಟೇ ಹೇಳುತ್ತದೆ. ಸ್ಟೋರಿನವರು ತೂಕ, ಎಣಿಕೆ ನೋಡಿ ಕೊಡುವ ಸ್ವೀಕೃತಿ ಸಂಖ್ಯೆ ಬೇರೆ. ಆ ಸಂಖ್ಯೆ ಬಿಲ್ಲಿನ ಮೇಲೆ ಇರಲಿ. ಅದಿಲ್ಲದ ಬಿಲ್ಲು ಹೆಡ್ ಆಫೀಸಿನ ಲೆಕ್ಕ ವಿಭಾಗದಲ್ಲಿ ಪಕ್ಕಕ್ಕೆ ಬೀಳುತ್ತದೆ, ಪಕ್ಕಕ್ಕೆ ಬಿದ್ದದ್ದನ್ನು ಯಾರೂ ಫೋನು ಮಾಡಿ ಹೇಳುವುದಿಲ್ಲ. ಬಿಲ್ಲು ತಲುಪಿದ ವಾರದಲ್ಲೇ ‘ಎಂಟ್ರಿ ಆಯಿತೇ’ ಎಂದು ಲೆಕ್ಕ ವಿಭಾಗವನ್ನು ಕೇಳಿ. ಗಡುವು ಮುಗಿದ ಮೇಲೆ ಕೇಳಿದರೆ ಎಣಿಕೆ ಅವತ್ತಿನಿಂದ ಶುರು ಮಾಡುತ್ತಾರೆ.

ಒತ್ತಡ ಹಾಕುವ ಎರಡು ದಾರಿಗಳ ಬಗ್ಗೆ ನಮ್ಮಲ್ಲಿ ತಪ್ಪು ತಿಳಿವಳಿಕೆ ಇದೆ. ಬಿಲ್ಲಿನ ತಾರೀಕಿನಿಂದ 180 ದಿನದೊಳಗೆ ಹಣ ಕೊಡದ ಖರೀದಿದಾರರು ತಾವು ಪಡೆದ ಜಿಎಸ್‌ಟಿ ಜಮೆಯನ್ನು (ಖರೀದಿಯ ಮೇಲಿನ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಂಡದ್ದನ್ನು) ಬಡ್ಡಿ ಸಮೇತ ಹಿಂದಿರುಗಿಸಬೇಕು, ನಿಜ. ಆದರೆ ಇದು ನಾಟುವುದು ಜಮೆ ಪಡೆಯುವವರಿಗೆ ಮಾತ್ರ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳಿಗೆ ತೆರಿಗೆ ಶೇ 5, ಜಮೆ ಇಲ್ಲ. ನಮ್ಮ ಹೆಚ್ಚಿನ ಲಾಡ್ಜು, ಹೋಂಸ್ಟೇಗಳು ಇದರೊಳಗೇ ಬರುತ್ತವೆ. ನೋಂದಣಿಯೇ ಇಲ್ಲದ ಎಸ್ಟೇಟಿಗಂತೂ 180 ದಿನದ ಮಾತು ಕಿವಿಗೂ ಬೀಳುವುದಿಲ್ಲ. ಇದಕ್ಕಿಂತ ಬಲವಾದದ್ದು 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಗೆ ಸೇರಿಸಿದ 43ಬಿ(ಎಚ್) ನಿಯಮ. ಸೂಕ್ಷ್ಮ, ಸಣ್ಣ ಉದ್ದಿಮೆಗೆ 15 ಅಥವಾ 45 ದಿನದ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ರೆಸಾರ್ಟಿನ ಆಡಿಟರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಆದ್ದರಿಂದ ಫೆಬ್ರವರಿ ಮೊದಲ ವಾರದಲ್ಲೇ ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಪ್ರಮಾಣಪತ್ರದ ಪ್ರತಿ ಇಟ್ಟು ಬಾಕಿ ಪಟ್ಟಿ ಕಳುಹಿಸಿ. ಏಪ್ರಿಲಿನಲ್ಲಿ ಕಳುಹಿಸಿದರೆ ಆ ವರ್ಷದ ಒತ್ತಡ ತಪ್ಪಿತು. ಕ್ಯೂರಿಂಗ್ (ಸಿಪ್ಪೆ ತೆಗೆದು ಹದಮಾಡುವ ಕೆಲಸ) ಮಾಡಿಸದೆ ಕಾಫಿ ಮಾರುವ ಬೆಳೆಗಾರರದ್ದು ಕೃಷಿ ಆದಾಯ. ಅವರ ಮೇಲೆ ಇದೂ ಕೆಲಸ ಮಾಡದು.

ಹಾಗಾದರೆ ತೋಟಗಳ ಜೊತೆ ಏನು ಮಾಡಬೇಕು? ಇಲ್ಲಿ ಕಾಗದವೊಂದೇ ಗತಿ. ಹೂವಿನ ಮಳೆ ಬಾರದ ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಮೋಟಾರು ಸುಟ್ಟರೆ ರಾತ್ರೋರಾತ್ರಿ ವೈಂಡಿಂಗ್ ಆಗಬೇಕು. ತೋಟದ ಲೆಕ್ಕ, ಮೇಲುಸ್ತುವಾರಿ ನೋಡುವ ರೈಟರ್ ಪಿಕಪ್‌ನಲ್ಲಿ ತಂದು ಇಳಿಸುತ್ತಾರೆ, ಬೆಳಗ್ಗೆ ಒಯ್ಯುತ್ತಾರೆ, ಮಾಲೀಕರು ಬೆಂಗಳೂರಿನಿಂದ ‘ಕಾಫಿ ಮಾರಿದ ಮೇಲೆ ಕೊಡೋಣ’ ಎಂದು ಫೋನಿನಲ್ಲಿ ಹೇಳುತ್ತಾರೆ. ವರ್ಕ್‌ಶಾಪಿನವರ ಮಾತು ಅತಿ ಹೆಚ್ಚು ನಡೆಯುವ ದಿನವೂ ಅದೇ, ಚೀಟಿ ಬರೆಯದೆ ಬಿಡುವ ದಿನವೂ ಅದೇ. ಮೋಟಾರು ಇಳಿದ ಕೂಡಲೇ ಜಾಬ್ ಕಾರ್ಡ್ ತುಂಬಿ: ಮೋಟಾರಿನ ಎಚ್‌ಪಿ, ನೇಮ್‌ಪ್ಲೇಟಿನ ಸೀರಿಯಲ್ ನಂಬರು, ತಂದವರ ಹೆಸರು, ಮಾಲೀಕರ ಹೆಸರು. ಒಯ್ಯುವಾಗ ಹಾಕಿದ ತಂತಿಯ ತೂಕ, ಹಳೆಯ ತಾಮ್ರದ ತೂಕ ಮತ್ತು ಅದನ್ನು ಹಿಂದಿರುಗಿಸಿದಿರೋ ಬಿಲ್ಲಿನಲ್ಲಿ ಕಳೆದಿರೋ ಎಂಬುದು, ಬದಲಿಸಿದ ಬೇರಿಂಗ್ ನಂಬರು, ಪರೀಕ್ಷೆಯಲ್ಲಿ ಮೂರು ಫೇಸಿನಲ್ಲೂ ಬಂದ ಆಂಪಿಯರ್, ತಾರೀಕು, ಸಹಿ. ಹಳೆಯ ತಾಮ್ರದ ವಿಷಯ ಬರೆಯದ ಬಿಲ್ಲಿನಲ್ಲಿ ಅದೇ ಮುಂದೆ ಹಣ ಕೊಡದಿರಲು ನೆಪವಾಗುತ್ತದೆ. ‘ಕಾಫಿ ಮಾರಿದ ಮೇಲೆ’ ಎಂಬುದನ್ನೂ ದಿನವಾಗಿ ಬರೆಸಿಕೊಳ್ಳಿ. ಬೆಲೆ ಏರಲೆಂದು ಚೀಲಗಳನ್ನು ಗೋದಾಮಿನಲ್ಲಿಟ್ಟು ಕಾಯುವ ಹಕ್ಕು ಬೆಳೆಗಾರರಿಗಿದೆ. ನಿಮ್ಮ ಬಿಲ್ಲೂ ಅವರ ಜೊತೆ ಕಾಯಬೇಕಾಗಿಲ್ಲ. ಒಕ್ಕದ (ಕೊಡವರ ಕೂಡುಕುಟುಂಬದ) ಪಾಲಾಗದ ತೋಟವಾದರೆ ಎಸ್ಟೇಟಿನ ಹೆಸರಿಗೆ ಬಿಲ್ಲು ಮಾಡಬೇಡಿ, ಆರ್ಡರ್ ಕೊಟ್ಟವರ ಹೆಸರಿಗೇ ಮಾಡಿ.

ಗಡುವು ಮುಗಿದ ಮೇಲೆ ಬರಿದೇ ಜ್ಞಾಪಿಸುವ ಫೋನುಗಳಿಂದ ಲಾಭವಿಲ್ಲ. ಗಡುವಿನ ಮರುದಿನವೇ ವಾಟ್ಸಾಪಿನಲ್ಲಿ ಬಿಲ್ ಸಂಖ್ಯೆ, ತಾರೀಕು, ಮೊತ್ತ ಬರೆದು ಒಂದೇ ಪ್ರಶ್ನೆ ಕೇಳಿ: ‘ಈ ಬಿಲ್ಲಿನಲ್ಲಿ ತಕರಾರಿದೆಯೇ? ಇಲ್ಲವಾದರೆ ಯಾವ ದಿನ, ಎಷ್ಟು ಕಳುಹಿಸುತ್ತೀರಿ?’ ‘ಮುಂದಿನ ವಾರ ಹಾಕುತ್ತೇನೆ’ ಎಂಬ ಉತ್ತರ ಬಂದರೂ ಸಾಲ ಒಪ್ಪಿದಂತಾಯಿತು. ಆ ಫೋನನ್ನು ಮಾರಬೇಡಿ, ಚಾಟನ್ನು ಅಳಿಸಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದೊಂದಿಗೆ ಅದನ್ನು ನ್ಯಾಯಾಲಯಕ್ಕೆ ಕೊಡಬಹುದು. ಒಂದು ವಾರದ ಮೇಲೆ ಲೆಡ್ಜರ್ ಪ್ರತಿಯೊಂದಿಗೆ ಪತ್ರ, ಎರಡು ವಾರಕ್ಕೆ ಹೊಸ ಉದ್ರಿ ಬಂದ್, ಒಂದು ತಿಂಗಳಿಗೆ ಬಡ್ಡಿಯ ಲೆಕ್ಕ ಸಮೇತ ನೋಟಿಸು, ತಲುಪಿದ ಪುರಾವೆ ಸಿಗುವಂತೆ ಅಂಚೆಯಲ್ಲಿ. ಉದ್ರಿ ಬಂದ್ ಮಾಡುವುದಕ್ಕೆ ಬಹಳ ಜನ ಹಿಂಜರಿಯುತ್ತಾರೆ, ಪಾರ್ಟಿ ಕೈತಪ್ಪೀತು ಎಂಬ ಭಯ. ಹಳೆಯ ಬಾಕಿ ಇದ್ದಂತೆಯೇ ಹೊಸ ಸರಕು ಬರುತ್ತಿದ್ದರೆ ಅವರು ಹಳೆಯದನ್ನು ತೀರಿಸಬೇಕಾದ ಕಾರಣವೇ ಇಲ್ಲ, ಇದು ನಮ್ಮ ಖಚಿತ ಅಭಿಪ್ರಾಯ.

ಸ್ವಲ್ಪ ಹಣ ಬಂದಾಗ ಯಾವ ಬಿಲ್ಲಿಗೆ ಎಂದು ರಸೀತಿಯಲ್ಲಿ ಬರೆಯಿರಿ. ಕೊಟ್ಟವರು ಹೇಳದಿದ್ದರೆ ಯಾವ ಬಾಕಿಗೆ ಹೊಂದಿಸಬೇಕೆಂಬ ಆಯ್ಕೆ ಪಡೆದವರದ್ದೇ. ಹಾಗೆಯೇ ಮೂರು ವರ್ಷದ ಕಾಲಮಿತಿ ನೆನಪಿರಲಿ. ಉದ್ರಿಯ ದಿನ ಗೊತ್ತುಮಾಡಿದ್ದರೆ ಆ ದಿನದಿಂದ, ಗೊತ್ತುಮಾಡದಿದ್ದರೆ ಸರಕು ಕೊಟ್ಟ ದಿನದಿಂದಲೇ ಎಣಿಕೆ. ಮೂರು ವರ್ಷ ತುಂಬುವ ಮೊದಲು ಬಾಕಿಯನ್ನು ಒಪ್ಪಿ ಸಹಿ ಮಾಡಿದ ಕಾಗದ ಸಿಕ್ಕರೆ ಅಲ್ಲಿಂದ ಹೊಸದಾಗಿ ಮೂರು ವರ್ಷ. ಚೆಕ್ಕಿನಲ್ಲಿ ಬಂದ ಭಾಗಶಃ ಹಣವೂ ಹೀಗೆ ಕಾಲಮಿತಿ ಮುಂದಕ್ಕೆ ಹಾಕುತ್ತದೆ, ಚೀಟಿ ಇಲ್ಲದ ನಗದು ಹಾಕುವುದಿಲ್ಲ. ಪ್ರತಿ ಮಾರ್ಚ್ 31ಕ್ಕೆ ಎಲ್ಲ ಪಾರ್ಟಿಗಳಿಂದ ಬಾಕಿ ದೃಢೀಕರಣ ಪತ್ರಕ್ಕೆ ಸಹಿ ಪಡೆಯಿರಿ. ಕಾಫಿ, ಕರಿಮೆಣಸಿನ ದುಡ್ಡು ಓಡಾಡುವ ಕಾಲವೂ ಅದೇ ಆದ್ದರಿಂದ ಸಹಿಯ ಜೊತೆ ಸ್ವಲ್ಪ ಹಣವೂ ಬರುವುದುಂಟು.

ಚೆಕ್ಕು ಬೌನ್ಸಾದರೆ ದಿನಗಳು ಬಹಳ ಬಿಗಿ. ಚೆಕ್ಕಿನ ಆಯಸ್ಸು ಮೂರು ತಿಂಗಳು. ಬ್ಯಾಂಕಿನಿಂದ ಬೌನ್ಸಾದ ತಿಳಿವಳಿಕೆ ಬಂದ 30 ದಿನದೊಳಗೆ ಲಿಖಿತ ನೋಟಿಸು, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ದೂರು. ಜುಲೈ ಮಳೆಯಲ್ಲಿ ಕರೆಂಟು ಹೋಗಿ, ದಾರಿ ಕುಸಿದು ನಿಂತಿದೆ ಎಂದು 30 ದಿನ ನಿಲ್ಲುವುದಿಲ್ಲ. ಚೆಕ್ಕು ಕೊಟ್ಟ ಮೇಲೆ ಸ್ವಲ್ಪ ಹಣ ಬಂದಿದ್ದರೆ ಪೂರ್ತಿ ಮೊತ್ತಕ್ಕೆ ಅದೇ ಚೆಕ್ಕನ್ನು ಹಾಕಬೇಡಿ. ಬಂದದ್ದನ್ನು ಚೆಕ್ಕಿನ ಮೇಲೆ ನಮೂದಿಸದೆ ಹಾಕಿದರೆ ಕೇಸು ಬಿದ್ದುಹೋಗುತ್ತದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಅನುಕೂಲವೂ ಇದೆ. 2015ರ ತಿದ್ದುಪಡಿಯಂತೆ ಹಣ ಪಡೆಯಬೇಕಾದವರ ಖಾತೆ ಇರುವ ಶಾಖೆಯ ವ್ಯಾಪ್ತಿಯಲ್ಲೇ ಕೇಸು ನಡೆಯುತ್ತದೆ. ಕೊಡಬೇಕಾದವರು ಎಲ್ಲೇ ಇದ್ದರೂ ಅವರೇ ಇಲ್ಲಿಗೆ ಬರಬೇಕು.

2006ರ ಉದ್ದಿಮೆ ಕಾಯ್ದೆಯಡಿ ಬಾಕಿಯ ದೂರು ಸಲ್ಲಿಸುವ ಸಮಾಧಾನ್ ಪೋರ್ಟಲ್ 2017ರ ಅಕ್ಟೋಬರಿನಲ್ಲಿ ಶುರುವಾಯಿತು. ಖರೀದಿದಾರರು ದೇಶದ ಯಾವ ಮೂಲೆಯಲ್ಲಿದ್ದರೂ ಅದನ್ನು ವಿಚಾರಿಸುವ ಅಧಿಕಾರ ಪೂರೈಕೆದಾರರು ಇರುವ ಕಡೆಯ, ಇದೇ ಕಾಯ್ದೆಯಡಿಯ ಕೌನ್ಸಿಲ್ಲಿಗೆ ಇದೆ. ಮೊದಲು ರಾಜಿ, ಆಗದಿದ್ದರೆ ಪಂಚಾಯಿತಿ (ಆರ್ಬಿಟ್ರೇಷನ್) ತೀರ್ಪು. ಆ ತೀರ್ಪನ್ನು ರದ್ದುಮಾಡಿಸಲು ಹೋಗುವ ಖರೀದಿದಾರರು ಮೊದಲು ಮೊತ್ತದ ಶೇ 75 ಠೇವಣಿ ಇಡಬೇಕು. 90 ದಿನದಲ್ಲಿ ಮುಗಿಯಬೇಕೆಂದು ಕಾಯ್ದೆಯಲ್ಲಿದ್ದರೂ ಹೆಚ್ಚು ಹಿಡಿಯುತ್ತದೆ, ಅದಕ್ಕೆ ಸಿದ್ಧರಿರಿ. ಅರ್ಜಿಗಳು ಕೆಡುವುದು ಎರಡು ಕಡೆ. ಆರ್ಡರಿಗೆ ಮುಂಚೆ ಉದ್ಯಮ್ ನೋಂದಣಿ ಮಾಡಿಸಿರುವುದಿಲ್ಲ. ಆಮೇಲೆ ಮಾಡಿಸಿದ ನೋಂದಣಿಯನ್ನು ನಂಬಿ ಹಳೆಯ ಬಾಕಿ ಕೇಳಲಾಗದು, ನೋಂದಣಿಯಂತೂ ಉಚಿತ, ಇವತ್ತೇ ಮಾಡಿಸಿ. ಇನ್ನೊಂದು, ಸರಕು ತಲುಪಿದ ದಿನದ ಪುರಾವೆ ಇರುವುದಿಲ್ಲ. ಕೊಂಡು ಮಾರುವ ಅಂಗಡಿಗಳಿಗೆ ಈ ದಾರಿ ಇಲ್ಲ ಎಂಬುದೂ ತಿಳಿದಿರಲಿ. 2021ರಲ್ಲಿ ವ್ಯಾಪಾರಿಗಳನ್ನು ಉದ್ಯಮ್‌ಗೆ ಸೇರಿಸಿದ್ದು ಆದ್ಯತಾ ವಲಯದ ಸಾಲಕ್ಕೆ ಮಾತ್ರ. ಬ್ರೆಡ್ಡು ತಯಾರಿಸುವ ಬೇಕರಿ, ಮೋಟಾರು ವೈಂಡಿಂಗ್, ಲಾಂಡ್ರಿ ಒಳಗೆ. ಪೈಪು, ಸಿಮೆಂಟು ತಂದು ಮಾರುವ ಅಂಗಡಿ ಹೊರಗೆ. ಅವರಿಗೆ ಸಿವಿಲ್ ನ್ಯಾಯಾಲಯವೇ ದಾರಿ. 3 ಲಕ್ಷಕ್ಕೆ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯವಾದರೆ, ತುರ್ತು ಆದೇಶ ಬೇಡದಿದ್ದಾಗ, ಮೊದಲು ಮಧ್ಯಸ್ಥಿಕೆಗೆ (ಮೀಡಿಯೇಷನ್) ಹೋಗಬೇಕು. ಅದಕ್ಕಿಂತ ಚಿಕ್ಕ ಮೊತ್ತಕ್ಕೆ ಲೋಕ ಅದಾಲತ್ ಒಳ್ಳೆಯದು, ಕೋರ್ಟ್ ಶುಲ್ಕವಿಲ್ಲ, ರಾಜಿಯಾದದ್ದರ ಮೇಲೆ ಮೇಲ್ಮನವಿಯಿಲ್ಲ.

ಮಾನ್ಯರೇ, ಈಗ ತಮ್ಮಿಂದ ಬೇಕಾದದ್ದು. ಎಲ್ಲ ಇಲಾಖೆ, ನಗರ ಮತ್ತು ಗ್ರಾಮ ಸ್ಥಳೀಯ ಸಂಸ್ಥೆಗಳಿಗೆ ಒಂದು ಸುತ್ತೋಲೆ ಹೊರಡಿಸಿ: ಬಿಲ್ಲನ್ನು ಟಪಾಲು ವಿಭಾಗದಲ್ಲೇ ಪಡೆಯಬೇಕು, ಅದೇ ದಿನ ಪ್ರತಿಯ ಮೇಲೆ ಸೀಲು ಹಾಕಿ ಹಿಂದಿರುಗಿಸಬೇಕು, ತಕರಾರಿದ್ದರೆ 15 ದಿನದೊಳಗೆ ಬರೆದು ತಿಳಿಸಬೇಕು, ತಿಂಗಳಿಗೊಮ್ಮೆ ಬಾಕಿ ಬಿಲ್ಲುಗಳ ಪಟ್ಟಿಯನ್ನು ಸ್ವೀಕೃತಿ ದಿನದ ಸಮೇತ ಸೂಚನಾ ಫಲಕಕ್ಕೆ ಹಾಕಬೇಕು. ಕೈಗಾರಿಕಾ ಕೇಂದ್ರದವರು ಐದೂ ತಾಲ್ಲೂಕು ಕೇಂದ್ರಗಳಲ್ಲಿ ತಿಂಗಳಿಗೊಂದು ದಿನ ಕುಳಿತು ಉದ್ಯಮ್ ನೋಂದಣಿ, ಸಮಾಧಾನ್ ಅರ್ಜಿಯ ಕಾಗದ ಪರಿಶೀಲನೆ ಮಾಡಿಕೊಡಲಿ. ಪೊನ್ನಂಪೇಟೆ ಕಡೆಯ ಒಬ್ಬ ಲಾಂಡ್ರಿಯವರು ಇದಕ್ಕಾಗಿ ಕೆಲಸ ಬಿಟ್ಟು ಮಡಿಕೇರಿಗೆ ಬಂದು ಹೋಗುವುದರಲ್ಲೇ ಒಂದು ದಿನ ಕಳೆಯುತ್ತದೆ.

ಸೀಲಿಗೆ ಹೊಸ ಖರ್ಚಿನ ಅಗತ್ಯವೂ ಇಲ್ಲ. ಕಚೇರಿಯ ಹೆಸರು, ಸ್ವೀಕೃತಿ ಸಂಖ್ಯೆ, ತಾರೀಕು, ಪಡೆದವರ ಹೆಸರು ಮತ್ತು ಹುದ್ದೆ, ಸಹಿಗೆ ಜಾಗ, ಇಷ್ಟಿದ್ದರೆ ಆಯಿತು. ಮುಂದಿನ ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ ಈ ಸುತ್ತೋಲೆ ಕಚೇರಿಗಳಿಗೆ ತಲುಪಿದರೆ ಮಾರ್ಚ್ 31ರ ಬಿಲ್ಲುಗಳಿಗೆ ಅದು ಉಪಯೋಗವಾಗುತ್ತದೆ.

ಇಂತಿ,
ಕೊಡಗಿನ ಸಣ್ಣ ಉದ್ದಿಮೆಗಳ ಲೆಕ್ಕಪತ್ರ ನೋಡಿಕೊಳ್ಳುವವರು